ಸೊಟ್ಟ ಬಾವಿಯ ಮೇಸ್ತ್ರಿ

ಶುಕ್ರವಾರ, ಬೆಳಿಗ್ಗೆ ಎಂಟೂವರೆ. ಹಜಾರದಲ್ಲಿ ಇದ್ದವರು ಮೂವರು: ನಾನು, ನನ್ನ ಸೊಸೆ, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಬಂದಾತ. ಪೆಟ್ಟಿಗೆ ಎರಡು ದಿನದಿಂದ ಕಾಯುತ್ತಿರಲಿಲ್ಲ. ಆತ ನೆಲದ ಮೇಲೆ ಹಳೆಯ ಪೇಪರು ಹಾಸಿ, ತಿರುಪುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿಟ್ಟ. ಒಳಗಿನಿಂದ ತಂತಿ ಸುತ್ತಿದ ತೆಳುವಾದ ಹಾಳೆಯೊಂದು ಹೊರಗೆ ಬಂತು. ಅಂಚು ಸುಟ್ಟುಹೋಗಿತ್ತು. ಬಿಸಾಡಲು ಹೊರಟವನ ಕೈಯಿಂದ ಅದನ್ನು ಇಸಿದುಕೊಂಡೆ. ಉಗುರಿನಿಂದ ಅಂಚನ್ನು ಎತ್ತಿದರೆ ಹಾಳೆ ಎರಡಾಯಿತು. ಇನ್ನೊಮ್ಮೆ ಎತ್ತಿದರೆ ಮೂರಾಯಿತು.

“ಇದೇನು ಮಾವ?” ಎಂದಳು ಸೊಸೆ.

ಕಾಗೆಬಂಗಾರ ಎಂದೆ. ರಿಪೇರಿಯಾತ ಮೈಕಾ ಎಂದು ತಿದ್ದಿದ. ಎರಡೂ ಒಂದೇ. ಬೆರಳಿಗೆ ಹತ್ತಿದ ಹೊಳೆಯುವ ಪುಡಿಯನ್ನು ಪಂಚೆಗೆ ಒರೆಸಿದೆ, ಹೋಗಲಿಲ್ಲ. ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಒಬ್ಬರ ಹುಬ್ಬಿನಲ್ಲಿ, ಕಿವಿಯ ಮಡಿಕೆಯಲ್ಲಿ, ಎದೆಯ ರೋಮದಲ್ಲಿ ಆ ಪುಡಿಯನ್ನು ನೋಡಿದ್ದೆ. ಬಿಸಿಲಿಗೆ ಬಂದರೆ ಅವರ ಮುಖ ಅಲ್ಲಲ್ಲಿ ಮಿಣುಕುತ್ತಿತ್ತು...

ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಆಗ ನಾನು ಅವರನ್ನು ‘ನೀನು’ ಎಂದೇ ಮಾತಾಡಿಸುತ್ತಿದ್ದೆ. ಅವರಿಗೆ ಐವತ್ತರ ಹತ್ತಿರ, ನನಗೆ ಇಪ್ಪತ್ತಮೂರು. ಸರ್ಕಾರದ ಕೆಲಸದಲ್ಲಿದ್ದವರು ಗುಂಡಿ ತೋಡುವವರನ್ನು ಹಾಗೆಯೇ ಕರೆಯುವ ಕಾಲ. ಈಗ ಬರೆಯುವಾಗ ಹಾಗೆ ಬರೆಯಲು ಕೈ ಬಾರದು.

ಮಹಾರಾಜರ ಆಳ್ವಿಕೆ ಇನ್ನೂ ಇತ್ತು. ಎಡತೊರೆಗೆ ಕೃಷ್ಣರಾಜನಗರ ಎಂಬ ಹೊಸ ಹೆಸರು ಬಂದಿದ್ದರೂ ಸಂತೆಗೆ ಹೋಗುವವರು ಎಡತೊರೆ ಎಂದೇ ಹೇಳುತ್ತಿದ್ದರು. ನಾನು ಹುಣಸೂರಿನಲ್ಲಿ ಭೂಮಿ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಮೈಸೂರಿನ ಉಚಿತ ವಿದ್ಯಾರ್ಥಿನಿಲಯದಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು ಕಲಿತು ಬೆಳೆದವನು. ವಾರದ ಯಾವ ದಿನ ಯಾವ ಹಳ್ಳಿ, ಎಷ್ಟು ಗಂಟೆಗೆ ಹೊರಡುವುದು, ಎಲ್ಲ ಮೊದಲೇ ಬರೆದಿಡುತ್ತಿದ್ದೆ. ಸೈಕಲ್ಲು, ಕಾಲಿಗೆ ಬೂಟು, ಮೊಣಕಾಲಿನವರೆಗೆ ಸುತ್ತಿದ ಪಟ್ಟಿ. ಆ ಪಟ್ಟಿ ಬಿಚ್ಚಿ ಮತ್ತೆ ಸುತ್ತಲು ಕಾಲು ಗಂಟೆ ಬೇಕಾಗುತ್ತಿತ್ತು. ಈ ಮಾತನ್ನು ಸುಮ್ಮನೆ ಬರೆಯುತ್ತಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿಯಲ್ಲಿ ಹೋಗಿ ಬಲಕ್ಕೆ ತಿರುಗಿದರೆ ಕೆಂಪು ದಿಣ್ಣೆಯ ಮೇಲೆ ಕಾಗೆಬಂಗಾರದ ಗುಂಡಿಗಳಿದ್ದವು. ಬಿಳಿಯ ದೊರೆಯೊಬ್ಬ ಅವನ್ನು ನಡೆಸುತ್ತಿದ್ದ. ಗಂಡಸರು ಗುಂಡಿಗಿಳಿದು ಗಟ್ಟಿಗಳನ್ನು ತೆಗೆಯುವರು, ಹೆಂಗಸರು ಚಪ್ಪರದ ಕೆಳಗೆ ಕೂತು ಕುಡುಗೋಲಿನ ಮೊನೆಯಿಂದ ಅವನ್ನು ಹಾಳೆ ಹಾಳೆಯಾಗಿ ಸೀಳುವರು. ಸುತ್ತಲಿನ ಊರುಗಳಿಂದ ಹೊಲವಿಲ್ಲದವರು ಬಂದು ಗೋಮಾಳದ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಅದಕ್ಕೆ ಗುಂಡಿಕೊಪ್ಪಲು ಎಂದು ಹೆಸರಾಗಿತ್ತು. ಮೂವತ್ತು ಒಲೆ ಇದ್ದಿರಬಹುದು.

ಒಂದು ವರ್ಷ ದೊರೆ ಗುಂಡಿಗಳನ್ನು ಮುಚ್ಚಿ ಹೊರಟುಹೋದ. ಮಾಲು ಕೊಳ್ಳುವವರಿಲ್ಲ ಎಂದನಂತೆ. ಕೊಪ್ಪಲಿನವರಿಗೆ ಉಳಿದ ದಾರಿ ಒಂದೇ, ಕೊಡಗಿನ ಕಾಫಿ ತೋಟ. ತೋಟದ ಏಜೆಂಟನೊಬ್ಬ ಪಿರಿಯಾಪಟ್ಟಣದ ಸಂತೆಯಲ್ಲಿ ಕುಳಿತು ಆಳು ಹಿಡಿಯುತ್ತಿದ್ದ. ಹೋದರೆ ಮನೆಮಂದಿಯೆಲ್ಲ ಹೋಗಬೇಕು. ಹಿಂದಿನ ವರ್ಷ ಹೋದ ನಾಲ್ಕು ಸಂಸಾರಗಳಲ್ಲಿ ಎರಡಕ್ಕೆ ಚಳಿಜ್ವರ ಬಡಿದು, ವಾಪಸು ಬಂದದ್ದು ಒಬ್ಬ ಮುದುಕಿ ಮಾತ್ರ. ಹಾಗಾಗಿ ಯಾರಿಗೂ ಮನಸ್ಸಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಗಾಡಿ ತರುತ್ತೇನೆ, ಅಷ್ಟರಲ್ಲಿ ಗಂಟುಮೂಟೆ ಕಟ್ಟಿರಿ ಎಂದು ಏಜೆಂಟ ಹೇಳಿಹೋಗಿದ್ದ.

ನಮ್ಮ ತಾಲ್ಲೂಕಿನ ಮುಖ್ಯಸ್ಥರಾದ ಅಮಲ್ದಾರರು ಹೊಸ ಯೋಚನೆಗಳ ಮನುಷ್ಯ. ಕೊಪ್ಪಲು ಖಾಲಿಯಾಗಬಾರದು, ಇವರಿಗೆ ಇಲ್ಲಿಯೇ ಬೇರೆ ಕಸುಬು ಹಚ್ಚಬೇಕು ಎಂದು ಹಟ ಹಿಡಿದರು. ಮೊದಲು ಚರಕಗಳನ್ನು ಹಂಚಿಸಿದರು. ಒಂದು ತಿಂಗಳು ನೂಲು ಕಡಿಯುವ ಸದ್ದೇ ಕೊಪ್ಪಲಿನ ತುಂಬ. ಏಕೆ ಹೀಗೆ ಎಂದು ನಾನು ವಿಚಾರಿಸಲು ಹೋದಾಗ ಉತ್ತರ ಕೊಟ್ಟದ್ದು ಮೇಸ್ತ್ರಿಯ ಹೆಂಡತಿ. ತೆಳ್ಳಗಿನ ಹೆಂಗಸು, ಮಾತು ಇನ್ನೂ ತೆಳ್ಳಗೆ, ಕೊಯ್ಯುವಂಥದು.

“ನಮ್ ಬೆರ್ಳು ಸೀಳಾದ ಕಲ್ತವೆ ಸ್ವಾಮಿ, ಕೂಡ್ಸಾದಲ್ಲ,” ಎಂದಳು.

ಆಮೇಲೆ ಹೊಳೆದದ್ದು ಬಾವಿ. ನೀರಾವರಿ ಬಾವಿ ತೋಡಿಸುವ ರೈತರಿಗೆ ಸರ್ಕಾರ ನೆರವು ಕೊಡುತ್ತಿತ್ತು. ಹುಟ್ಟಿದಾಗಿನಿಂದ ಗುಂಡಿ ತೋಡಿದವರಿಗೆ ಬಾವಿ ತೋಡುವುದು ಎಷ್ಟರ ಮಾತು ಎಂದರು ಅಮಲ್ದಾರರು. ನಾನು ಹೌದೆಂದೆ. ಕಚೇರಿಯಲ್ಲಿ ಎಲ್ಲರೂ ಹೌದೆಂದರು. ಗುಂಡಿ ಬೇರೆ, ಬಾವಿ ಬೇರೆ ಎಂಬುದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಪಕ್ಕದ ಊರಿನ ಪಟೇಲರು ಮೊದಲ ಬಾವಿಗೆ ಒಪ್ಪಿದರು. ಅವರ ಹೊಲ ಗುಂಡಿಕೊಪ್ಪಲಿಗೆ ತಗುಲಿಕೊಂಡೇ ಇತ್ತು, ನಡುವೆ ಒಂದು ಬದು ಅಷ್ಟೆ. ಆ ಬದುವಿನ ಪಕ್ಕದ ಎತ್ತರದ ಮೂಲೆಯಲ್ಲಿ ಬಾವಿ ತೋಡಿದರೆ ನೀರು ತಾನೇ ಇಳಿದು ಇಡೀ ಹೊಲಕ್ಕೆ ಹರಿಯುತ್ತದೆ ಎಂದು ಆ ಮೂಲೆಯನ್ನೇ ಗುರುತು ಮಾಡಿಕೊಟ್ಟರು. ಈ ಬಾವಿ ಚೆನ್ನಾಗಿ ಆದರೆ ಇನ್ನೂ ನಾಲ್ಕು ಊರಿನವರು ತೋಡಿಸುತ್ತೇವೆ ಎಂದಿದ್ದರು. ಅಂದರೆ ಕೊಪ್ಪಲಿಗೆ ಎರಡು ವರ್ಷದ ಅನ್ನ. ಕೆಟ್ಟರೆ ಏಜೆಂಟನ ಗಾಡಿ. ಇದು ಕೊಪ್ಪಲಿನ ಪ್ರತಿಯೊಂದು ಮನೆಗೂ ಗೊತ್ತಿತ್ತು.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಪಟೇಲರ ಊರಿನ ಬಾವಿಯಲ್ಲಿ ಕೊಪ್ಪಲಿನವರು ಕೊಡ ಇಳಿಸುವಂತಿರಲಿಲ್ಲ. ಅವರು ಕುಡಿಯುತ್ತಿದ್ದುದು ಮೈಲಿ ದೂರದ ಹಾಳು ಗುಂಡಿಯಲ್ಲಿ ನಿಂತ ನೀರನ್ನು. ಕೊಡ ತುಂಬಿಸಿದರೆ ತಳದಲ್ಲಿ ಮಿಂಚುವ ಪುಡಿ ಕೂರುತ್ತಿತ್ತು.

ಕೆಲಸ ಶುರುವಾಯಿತು. ಮೇಸ್ತ್ರಿಯ ಕೈಕೆಳಗೆ ಹತ್ತು ಜನ, ಅವರಲ್ಲಿ ಒಬ್ಬ ಮೇಸ್ತ್ರಿಯ ಅಕ್ಕನ ಮಗ. ನೆರಳಿಗೆಂದು ಬಾವಿಯ ಬಾಯಿಯ ಮೇಲೆ ಸೋಗೆಯ ಚಪ್ಪರ ಹಾಕಿಕೊಂಡರು, ಗುಂಡಿಗೆ ಹಾಕಿದಂತೆಯೇ. ಮಣ್ಣಿನ ಮಂಕರಿ ಕೈಯಿಂದ ಕೈಗೆ ಮೇಲೆ ಬರುತ್ತಿತ್ತು. ಇಳಿಯುವ ಮುಂಚೆ ಮೇಸ್ತ್ರಿ ಗೋಡೆಗೆ ಅಂಗೈ ಒತ್ತಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಒಂದು ಚೂರು ಕಲ್ಲನ್ನು ನಾಲಿಗೆಗೆ ಮುಟ್ಟಿಸಿ ಉಗುಳುತ್ತಿದ್ದರು. ಏನು ರುಚಿ ನೋಡುತ್ತೀಯ ಎಂದು ಕೇಳಿದೆ. ಉಪ್ಪು ಸಾಲದು ಎಂದು ನಗಾಡಿ ಕೆಳಗಿಳಿದರು. ನಿಜವಾಗಿ ಏನನ್ನು ನೋಡುತ್ತಿದ್ದರು ಎಂಬುದು ನನಗೆ ಆಗ ತಿಳಿಯಲಿಲ್ಲ... ತಿಳಿಯಬೇಕೆಂಬ ಆಸೆ ಇತ್ತು, ಹೊತ್ತಿರಲಿಲ್ಲ.

ಚಪ್ಪಲಿ, ಬೂಟು ಹಾಕಿ ಗುಂಡಿಗೆ ಇಳಿಯಬಾರದು ಎಂಬುದು ಅವರ ಕಟ್ಟಳೆ. ದೊರೆ ಕೂಡ ಬರಿಗಾಲಲ್ಲಿ ಇಳಿಯುತ್ತಿದ್ದನಂತೆ. ಬಾವಿಗೂ ಅದೇ ಕಟ್ಟಳೆ ಹಾಕಿದರು.

ಪ್ರತಿ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಆಳ ಅಳೆಯಲು ಹೋಗುತ್ತಿದ್ದೆ. ಅಡಿಗೊಂದು ಗಂಟು ಹಾಕಿದ ಹಗ್ಗ, ಅದರ ತುದಿಗೆ ಹೊಳೆಯಿಂದ ಆರಿಸಿ ತಂದ ನುಣ್ಣನೆಯ ದುಂಡು ಕಲ್ಲು. ಬಾಯಿಂದ ಇಳಿಬಿಡುವುದು, ಹಗ್ಗ ಸಡಿಲಾದ ಕೂಡಲೇ ಗಂಟು ಎಣಿಸುವುದು, ಬರೆದುಕೊಳ್ಳುವುದು, ಸೈಕಲ್ಲು ಹತ್ತುವುದು. ಹತ್ತು ನಿಮಿಷದ ಕೆಲಸ. ಆಗ ಅವರು ಗಂಜಿ ಕುಡಿಯುವ ಹೊತ್ತು, ಎಲ್ಲರೂ ಮೇಲೆ ಕೂತಿರುತ್ತಿದ್ದರು. ಪಟೇಲರಂತೂ ಹತ್ತಿರ ಬರುತ್ತಲೇ ಇರಲಿಲ್ಲ. ದೂರದಲ್ಲಿ ನಿಂತು ಮಣ್ಣಿನ ಗುಡ್ಡೆ ಎಷ್ಟು ಬೆಳೆದಿದೆ ಎಂದು ನೋಡಿ ಹೋಗುತ್ತಿದ್ದರು.

ಒಂದು ಬುಧವಾರ ಮೇಸ್ತ್ರಿ ಗಂಜಿಯ ಚಟ್ಟಿ ಕೆಳಗಿಟ್ಟು ನನ್ನ ಬಳಿ ಬಂದರು. ಸ್ವಾಮಿಯವರು ಒಂದು ಸಲ ಇಳಿದು ನೋಡುತ್ತೀರಾ ಎಂದರು. ನಾನು ಬೂಟಿನ ಕಡೆ ನೋಡಿಕೊಂಡೆ. ಹನ್ನೊಂದಕ್ಕೆ ಇನ್ನೊಂದು ಹಳ್ಳಿಯಲ್ಲಿರಬೇಕಿತ್ತು. ಹಗ್ಗ ಇದೆಯಲ್ಲ, ಸಾಕು ಎಂದೆ.

“ಆಗ್ಲಿ ಬುಡಿ,” ಎಂದರು. “ಅಗ್ಗ ಸುಳ್ಳು ಯೋಳಾಕಿಲ್ಲ ಅನ್ನಂಗಿದ್ರೆ ನಮ್ದೇನು.”

ಹೆಂಡತಿ ಹಿಂದಿನಿಂದ, ಹಗ್ಗಕ್ಕೆ ಕಣ್ಣಿದ್ದಿದ್ದರೆ ಇಷ್ಟು ದಿನಕ್ಕೆ ನೇಣು ಹಾಕಿಕೊಳ್ಳುತ್ತಿತ್ತು ಎಂದೋ ಏನೋ ಗೊಣಗಿದಳು. ಹತ್ತು ಜನ ನಕ್ಕರು. ನಾನು ನಗಲಿಲ್ಲ. ಸೈಕಲ್ಲು ಹತ್ತಿದೆ.

ಮೂವತ್ತಾರು ಗಂಟಿಗೆ ನೀರು ಬಂತು. ಶಿವರಾತ್ರಿಗೆ ಇನ್ನೂ ಹತ್ತು ದಿನ ಇತ್ತು. ಕೊಪ್ಪಲಿನಲ್ಲಿ ತಮಟೆ ಬಡಿದರು ಎಂದು ಸುದ್ದಿ. ಪಟೇಲರು ಎರಡೇ ದಿನದಲ್ಲಿ ಕಪಿಲೆ ಕಟ್ಟಿಸಿದರು: ಎರಡು ಕಂಬ, ಮೇಲೆ ಗಾಲಿ, ಹೊಸ ಚರ್ಮದ ದೊಡ್ಡ ಬಾನಿ, ಎಳೆಯಲು ಜೋಡಿ ಎತ್ತು. ನೀರೆತ್ತುವ ದಿನ ಬೆಳಿಗ್ಗೆಯಷ್ಟೇ ಚಪ್ಪರ ಕಿತ್ತರು. ಅಮಲ್ದಾರರನ್ನು ಕರೆದರು. ಎತ್ತಿನ ಕೊಂಬಿಗೆ ಹೂವು, ಬಾವಿಯ ಬಾಯಿಗೆ ತೆಂಗಿನಕಾಯಿ ಎಲ್ಲ ಆಯಿತು.

ಬಾನಿ ಕೆಳಗಿಳಿಯಿತು. ಹದಿನಾಲ್ಕು ಅಡಿ ಹೋದದ್ದೇ ದಪ್ಪೆಂದು ಬಂಡೆಗೆ ಕೂತು ವಾಲಿಕೊಂಡಿತು. ಹಗ್ಗ ಸಡಿಲವಾಯಿತು. ಎತ್ತು ಹೊಡೆಯುವವ ಮತ್ತೆ ಎತ್ತಿ ಇಳಿಸಿದ, ಮತ್ತೆ ಅಲ್ಲೇ ಕೂತಿತು. ಮೂರನೆಯ ಸಲ ಮೇಲೆ ಬಂದ ಬಾನಿಯ ಅಂಚು ಹರಿದಿತ್ತು, ಒಳಗೆ ಒಂದು ಹನಿಯಿಲ್ಲ. ಅಮಲ್ದಾರರು ಬಾವಿಯನ್ನು ನೋಡಲಿಲ್ಲ, ನನ್ನ ಕಡೆ ತಿರುಗಿದರು. ಆಳ ಎಷ್ಟು ಬರೆದಿದ್ದೀರಿ ಎಂದು ಕೇಳಿದರು. ಮೂವತ್ತಾರು ಎಂದೆ.

ಅಲ್ಲಿಯೇ ಕೂತು ಪಟ್ಟಿ ಬಿಚ್ಚಿದೆ, ಬೂಟು ಕಳಚಿದೆ. ಅಷ್ಟು ಜನ ನೋಡುತ್ತಿರುವಾಗ ಆ ಕಾಲು ಗಂಟೆ ಬಹಳ ಉದ್ದವಾಗಿತ್ತು. ಮೇಸ್ತ್ರಿ ಹರಳೆಣ್ಣೆಯ ದೀಪ ಹಿಡಿದು ಮುಂದೆ ಇಳಿದರು, ಅವರು ಕಾಲಿಟ್ಟ ಗೂಡುಗಳಲ್ಲಿ ಕಾಲಿಡುತ್ತ ನಾನು ಇಳಿದೆ. ಹದಿನಾಲ್ಕು ಅಡಿಯವರೆಗೆ ಬಾವಿ ನೆಟ್ಟಗಿತ್ತು. ಅಲ್ಲಿಂದ ಮುಂದೆ ಅದು ಬಾವಿಯೇ ಅಲ್ಲ. ಮೂಡಲ ದಿಕ್ಕಿಗೆ ತಿರುಗಿ, ಇಳಿಜಾರಾಗಿ ಹೋಗುತ್ತಿತ್ತು. ಬಗ್ಗಿ ನಡೆಯಬೇಕು. ಎಡಗೋಡೆಯ ಉದ್ದಕ್ಕೂ ಒಂದು ಬಿಳಿಯ ಕಲ್ಲಿನ ಪಟ್ಟೆ, ಅದರೊಳಗೆ ಚೂರು ಚೂರು ಕಾಗೆಬಂಗಾರ ದೀಪಕ್ಕೆ ಮಿಂಚುತ್ತಿತ್ತು. ನನ್ನ ದುಂಡು ಕಲ್ಲು ಇಷ್ಟು ವಾರ ಈ ಇಳಿಜಾರಿನಲ್ಲಿ ಅಂದವಾಗಿ ಉರುಳಿ ಉರುಳಿ ತಳ ಮುಟ್ಟಿತ್ತು. ಹಗ್ಗ ಸುಳ್ಳು ಹೇಳಿರಲಿಲ್ಲ, ಉದ್ದವನ್ನು ಹೇಳಿತ್ತು. ಅದನ್ನು ಆಳ ಎಂದು ಬರೆದವನು ನಾನು.

ಕೊನೆಯಲ್ಲಿ ಮೊಣಕಾಲುದ್ದ ನೀರು. ಬೊಗಸೆಯಲ್ಲಿ ಎತ್ತಿ ಕುಡಿದೆ. ಅಷ್ಟು ತಣ್ಣನೆಯ, ತಿಳಿಯಾದ ನೀರನ್ನು ಆ ಸೀಮೆಯಲ್ಲಿ ನಾನು ಕುಡಿದಿರಲಿಲ್ಲ.

ಯಾಕೆ ಹೀಗೆ ತಿರುಗಿಸಿದೆ ಎಂದು ಕೇಳಿದೆ. ಅವರು ಗೋಡೆಯ ಬಿಳಿ ಪಟ್ಟೆಗೆ ಅಂಗೈ ಇಟ್ಟರು.

“ಬಿಳಿಕಲ್ಲು ಇಂಗೆ ಓಯ್ತಿತ್ತು, ಅದ್ರ ಇಂದೆ ನಾವೂ ಬಂದೊ,” ಎಂದರು. “ಬಿಳಿಕಲ್ಲು ಬುಟ್ಟು ತೋಡೋದು ನಮ್ಗೆ ಯಾರೂ ಯೋಳ್ಕೊಟ್ಟಿಲ್ಲ ಸ್ವಾಮಿ.”

ಗುಂಡಿಯವರು ನೆಟ್ಟಗೆ ತೋಡುವವರಲ್ಲ. ಅವರ ಕಸುಬು ಬಿಳಿಕಲ್ಲಿನ ಜಾಡು ಹಿಡಿಯುವುದು. ಅದು ಬಗ್ಗಿದರೆ ಬಗ್ಗುವುದು, ಇಳಿದರೆ ಇಳಿಯುವುದು. ಮೂರು ತಲೆಮಾರು ಆ ಕೆಲಸ ಮಾಡಿದವರ ಕೈಗೆ ಗುದ್ದಲಿ ಕೊಟ್ಟು, ಕಣ್ಣೆದುರಿಗೆ ಬಿಳಿಕಲ್ಲು ಬಂದಾಗಲೂ ನೆಟ್ಟಗೆ ಹೋಗು ಎಂದು ನಾವು ಹೇಳಿಯೇ ಇರಲಿಲ್ಲ. ಇದು ಹೇಳಬೇಕಾದ ಮಾತೆಂದು ಗೊತ್ತಿರಲಿಲ್ಲ. ಕೆಳಗೆ ನಿಂತು ಇಷ್ಟು ಯೋಚಿಸುವಾಗ ನನಗೆ ಅಂಥ ಸಿಟ್ಟೇನೂ ಬರಲಿಲ್ಲ. ಕುತೂಹಲವೇ ಹೆಚ್ಚಾಗಿತ್ತು... ಈ ಜಾಡು ಎಲ್ಲಿಗೆ ಬಂದು ನಿಂತಿದೆ?

ಮೇಲೆ ಬಂದು ಸರಪಳಿ, ದಿಕ್ಸೂಚಿ ತರಿಸಿದೆ. ಕೆಳಗೆ ಎಷ್ಟು ದೂರ, ಯಾವ ದಿಕ್ಕು ಎಂದು ಅಳೆದು, ಅದನ್ನೇ ನೆಲದ ಮೇಲೆ ಎಳೆದೆ. ಸರಪಳಿ ಪಟೇಲರ ಹೊಲ ದಾಟಿತು. ಬದುವನ್ನು ಹತ್ತಿ ಇಳಿಯಿತು. ಗೋಮಾಳದಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತಿತು. ಅಲ್ಲಿ ಗೂಟ ಹೊಡೆದೆ. ಗೂಟದಿಂದ ಕೊಪ್ಪಲಿನ ಮೊದಲ ಗುಡಿಸಲಿಗೆ ಕಲ್ಲೆಸೆತದ ದೂರವೂ ಇರಲಿಲ್ಲ. ನೀರು ಇದ್ದದ್ದು ಆ ಗೂಟದ ಕೆಳಗೆ.

ಮೊದಲು ಕೇಳಿದ್ದು ಮೇಸ್ತ್ರಿಯ ಹೆಂಡತಿಯ ದನಿ.

“ಈವಯ್ಯ ಮದ್ವೆ ಚಪ್ರುಕ್ಕೇ ಸೊಟ್ಟುಗ್ ನಡ್ಕೊಂಡ್ ಬಂದಿದ್ದ. ಬಾವಿ ನೆಟ್ಟುಗ್ ತೋಡ್ತನಾ?”

ಕೊಪ್ಪಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಪಟೇಲರ ಮುಖ ಕಪ್ಪಿಟ್ಟಿತು. ನನ್ನ ಹೊಲದಲ್ಲಿ ತೋಡಿ ಎಂದರೆ ತಮ್ಮ ಗುಡಿಸಲ ಮುಂದಕ್ಕೆ ನೀರು ಕದ್ದುಕೊಂಡು ಹೋಗಿದ್ದಾರೆ, ಇದು ಬೇಕೆಂದೇ ಮಾಡಿದ್ದು, ಇವರನ್ನು ಇಲ್ಲಿಂದ ಎಬ್ಬಿಸಬೇಕು ಎಂದರು. ಅಮಲ್ದಾರರು ಸಿಟ್ಟು ತೋರಿಸದೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಇದು ತಿಳಿಯದೆ ಆದದ್ದೋ ಬೇಕೆಂದೇ ಮಾಡಿದ್ದೋ ನಾಳೆ ಬೆಳಿಗ್ಗೆಯೊಳಗೆ ವರದಿ ಬರೆದುಕೊಡಿ ಎಂದು ಹೇಳಿ ಹೊರಟರು.

ಮಧ್ಯಾಹ್ನ ನಾಲ್ಕಕ್ಕೆ ಕೊಪ್ಪಲಿಗೆ ಹೋದೆ. ಮೇಸ್ತ್ರಿ ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೆಮ್ಮುತ್ತಿದ್ದರು. ಗುಂಡಿಯವರೆಲ್ಲರಿಗೂ ಆ ಕೆಮ್ಮು ಇತ್ತು, ಅವರಿಗೆ ಹೆಚ್ಚು. ನಾನು ಮೊದಲ ಸಲ ಅವರ ಎದುರು ನೆಲದ ಮೇಲೆ ಕೂತೆ. ನಿಜ ಹೇಳು, ತಿಳಿಯದೆ ಮಾಡಿದೆಯೋ, ಬೇಕೆಂದು ಮಾಡಿದೆಯೋ ಎಂದೆ.

ಎರಡರಲ್ಲಿ ಯಾವುದನ್ನು ಬರೆದರೆ ಏನಾಗುತ್ತದೆ ಎಂದು ನನ್ನನ್ನೇ ಕೇಳಿದರು. ಹೇಳಿದೆ. ಬೇಕೆಂದು ಮಾಡಿದ್ದು ಎಂದರೆ ಅದು ಮೇಸ್ತ್ರಿಯ ಮೋಸ, ಶಿಕ್ಷೆ ಮೇಸ್ತ್ರಿಗೆ. ತಿಳಿಯದೆ ಆದದ್ದು ಎಂದರೆ ಶಿಕ್ಷೆ ಯಾರಿಗೂ ಇಲ್ಲ, ಆದರೆ ಗುಂಡಿಯವರಿಗೆ ಬಾವಿ ತೋಡಲು ಬರುವುದಿಲ್ಲ ಎಂದಾಗುತ್ತದೆ. ಆ ನಾಲ್ಕು ಊರಿನವರು ಕರೆಯುವುದಿಲ್ಲ.

ಮೇಸ್ತ್ರಿ ಬೆರಳಿನಿಂದ ನೆಲದ ಮೇಲೆ ಒಂದು ಗೆರೆ ಎಳೆದರು, ಅಳಿಸಿದರು.

“ಕಳ್ಳ ಅಂತ ಬರ್ಕಳಿ,” ಎಂದರು.

ಯಾಕೆ ಎಂದು ಕೇಳಿದೆ.

“ಕಳ್ಳ ಅಂದ್ರೆ ನಾನೊಬ್ಬ ಓಯ್ತೀನಿ ಸ್ವಾಮಿ. ಕೆಲ್ಸ ಬರಾಕಿಲ್ಲ ಅಂದ್ರೆ ಕೊಪ್ಲೇ ಓಯ್ತದೆ.” ಮತ್ತೆ ಕೆಮ್ಮಿ, ದನಿ ತಗ್ಗಿಸಿ ಹೇಳಿದರು: “ನಿಮ್ಮ ಅಗ್ಗದ್ ಮಾತ ನಾನು ಎಲ್ಲೂ ಎತ್ತಾಕಿಲ್ಲ.”

ಹಗ್ಗದ ಮಾತು ಅವರಿಗೆ ಗೊತ್ತಿತ್ತು. ಆ ಬುಧವಾರ ಇಳಿದು ನೋಡಿ ಎಂದದ್ದು ಏಕೆ ಎಂದು ನನಗೆ ಆಗ ಹೊಳೆಯಿತು. ದಾರಿ ತಪ್ಪಿದೆವೇನೋ ಎಂಬ ಅನುಮಾನ ಅವರಿಗೇ ಬಂದಿತ್ತೆ? ಕೇಳಲು ನಾಚಿಕೆಯಾಗಿ, ನಾಲ್ಕು ಜನರ ಮುಂದೆ ತಮಾಷೆಯ ಹಾಗೆ ಕರೆದಿದ್ದರೋ? ಅಥವಾ ನಾನು ಇಳಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದರೋ? ಎದುರಿಗೆ ಕೂತಿದ್ದಾಗಲೇ ಕೇಳಬಹುದಿತ್ತು...

ವರದಿ ಬರೆಯಲು ನನ್ನ ಮುಂದೆ ಮೂರನೆಯ ದಾರಿಯೂ ಇತ್ತು. ಅಳತೆಗಾರನು ಒಂದು ಸಲವೂ ಕೆಳಗೆ ಇಳಿಯಲಿಲ್ಲ, ಇಳಿದಿದ್ದರೆ ಹದಿನಾಲ್ಕನೆಯ ಅಡಿಯಲ್ಲಿಯೇ ತಿದ್ದಬಹುದಿತ್ತು, ಆದ್ದರಿಂದ ತಪ್ಪು ತೋಡಿದವರದಲ್ಲ, ನೋಡದವನದು. ಹಾಗೆ ಬರೆದಿದ್ದರೆ ಕಳ್ಳನೂ ಇರುತ್ತಿರಲಿಲ್ಲ, ಕೆಲಸ ಬಾರದವರೂ ಇರುತ್ತಿರಲಿಲ್ಲ. ನನ್ನ ಹೊಸ ಕೆಲಸ ಹೋಗುತ್ತಿತ್ತು, ಅಷ್ಟೆ. ನಾನು ಅದನ್ನು ಬರೆಯಲಿಲ್ಲ. ನೆಟ್ಟಗೆ ತೋಡಲು ಚೆನ್ನಾಗಿ ಬಲ್ಲ ಮೇಸ್ತ್ರಿಯು ಬೇಕೆಂದೇ ಕೊಪ್ಪಲಿನ ಕಡೆಗೆ ತಿರುಗಿಸಿದ್ದಾನೆ ಎಂದು ಬರೆದೆ. ಒಂದೇ ಪುಟ. ಒಂದು ಅಕ್ಷರವೂ ಚಿತ್ತಾಗಿರಲಿಲ್ಲ.

ಅಮಲ್ದಾರರು ಓದಿ ನಕ್ಕರು. ಸೊಟ್ಟಗೆ ತೋಡಿ ಬೇಕಾದ ಜಾಗಕ್ಕೆ ಸರಿಯಾಗಿ ಮುಟ್ಟಿಸಬಲ್ಲವರಿಗೆ ನೆಟ್ಟಗೆ ತೋಡುವುದು ಕಷ್ಟವೇ ಎಂದರು. ಮೇಸ್ತ್ರಿ ಲೆಕ್ಕ ಹಾಕಿದ್ದು ಇದೇ ಇರಬೇಕು. ಪಟೇಲರಿಗೆ ಹೊಲದ ನಡುವೆ ಇನ್ನೊಂದು ಬಾವಿಯನ್ನು ಕೊಪ್ಪಲಿನವರು ಬಿಟ್ಟಿಯಾಗಿ ತೋಡಿಕೊಡುವುದು, ಗೂಟ ಹೊಡೆದ ಜಾಗ ಸರ್ಕಾರದ ಗೋಮಾಳವಾದ್ದರಿಂದ ಅಲ್ಲಿ ಮೇಲಿನಿಂದ ನೆಟ್ಟಗೆ ತೋಡಿ ಕೊಪ್ಪಲಿನವರು ಕುಡಿಯುವ ನೀರಿಗೆ ಇಟ್ಟುಕೊಳ್ಳುವುದು, ಮೇಸ್ತ್ರಿ ಇನ್ನು ಈ ತಾಲ್ಲೂಕಿನಲ್ಲಿ ಬಾವಿಯ ಕೆಲಸಕ್ಕೆ ಕೈಹಾಕಕೂಡದು. ಹೀಗೆ ತೀರ್ಮಾನವಾಯಿತು. ಆ ನಾಲ್ಕು ಊರಿನವರೂ ಕರೆದರು. ಮೇಸ್ತ್ರಿಯ ಅಕ್ಕನ ಮಗ ಮುಂದಾಳಾದ. ಅವನಿಗೆ ನಾನೇ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ಗೋಡೆ ನೋಡುವುದನ್ನು ಕಲಿಸಿದೆ, ಪ್ರತಿ ಸಲ ಬರಿಗಾಲಲ್ಲಿ ಇಳಿದು.

ಶಿವರಾತ್ರಿ ಕಳೆದ ಮೇಲೆ ಏಜೆಂಟ ಗಾಡಿ ತಂದ. ಇಡೀ ಕೊಪ್ಪಲು ಬರುತ್ತದೆಂದು ಮೂರು ಗಾಡಿ ಹೂಡಿಸಿದ್ದ. ಹತ್ತಿದವರು ಒಬ್ಬರು; ಖಾಲಿ ಹೋಗುವುದಕ್ಕಿಂತ ಒಂಟಿ ಆಳಾದರೂ ಸಿಕ್ಕಲಿ ಎಂದು ಏಜೆಂಟ ಒಪ್ಪಿದ್ದ. ಪಿರಿಯಾಪಟ್ಟಣದ ದಾರಿಯಲ್ಲಿ ನಾನು ಸೈಕಲ್ಲಿನಲ್ಲಿ ಎದುರಾದೆ. ಮೇಸ್ತ್ರಿ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದರು, ಮಡಿಲಲ್ಲಿ ಒಂದು ಗಂಟು. ಹೆಂಡತಿ ಜೊತೆಯಲ್ಲಿರಲಿಲ್ಲ. ಕೊಪ್ಪಲಿನ ಹೊಸ ಬಾವಿಯಲ್ಲಿ ಮೊದಲ ಕೊಡ ಎತ್ತುವವರೆಗೆ ತಾನು ಬರುವುದಿಲ್ಲ ಎಂದು ನಿಂತಿದ್ದಳಂತೆ. ಆಮೇಲೂ ಬರಬೇಡ ಎಂದು ಮೇಸ್ತ್ರಿಯೇ ಹೇಳಿದ್ದರಂತೆ.

ಸೈಕಲ್ಲಿನಿಂದ ಇಳಿದೆ. ಬಿಸಿಲಿಗೆ ಅವರ ಹುಬ್ಬು ಮಿಣುಕುತ್ತಿತ್ತು.

“ಕೊಡಗಲ್ಲಿ ಗುಡ್ಡ ಎಲ್ಲ ಸೊಟ್ಟುಗೇ ಅವಂತೆ ಅಳ್ತೆ ಅಯ್ನೋರೆ,” ಎಂದರು. “ನಂಗೆ ಒಗ್ತದೆ ಬುಡಿ.”

ಎರಡನೆಯ ಮಳೆಗಾಲದಲ್ಲಿ ಅಲ್ಲಿಯೇ ತೀರಿಕೊಂಡರು. ಜ್ವರವೋ, ಕೆಮ್ಮೋ, ಹೇಳಿದವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸುದ್ದಿ ಕೊಪ್ಪಲು ಮುಟ್ಟಿದಾಗ ತಿಂಗಳಾಗಿತ್ತು. ನಾನು ಹೋದಾಗ ಮೇಸ್ತ್ರಿಯ ಹೆಂಡತಿ ಬಾವಿಯಿಂದ ನೀರು ಸೇದುತ್ತಿದ್ದಳು. ಅಳಲಿಲ್ಲ. ನೆಂಟರಿಗೆ ಹೇಳುವ ಹಾಗೆ ಹೇಳಿದಳು: ಈವಯ್ಯ ಎಲ್ಲ ಗೊತ್ತಿದ್ದೇ ಮಾಡಿದ್ದು, ಕಲ್ಲು ನೆಕ್ಕಿ ನೀರು ಎಲ್ಲಿದೆ ಅಂತ ಮೊದಲ ದಿನವೇ ಹೇಳಿದ್ದ, ನಮಗೋಸ್ಕರ ಪಟೇಲರ ಹೊಲದಿಂದ ನೀರು ಕದ್ದ ಗಂಡು. ಕೊಪ್ಪಲಿನ ಮಕ್ಕಳೆಲ್ಲ ಆ ಕತೆಯನ್ನು ಹಾಗೆಯೇ ಹೇಳುತ್ತ ಬೆಳೆದರು.

ಬಹಳ ವರ್ಷಗಳ ಮೇಲೆ ನಾನು ಹೆಗ್ಗಡದೇವನಕೋಟೆಯ ಕಡೆ ಕೆಲಸದ ಮೇಲಿದ್ದಾಗ, ಹಂಪಾಪುರದ ಹತ್ತಿರ ಒಂದು ಬಾವಿಯ ಬಳಿ ಅಕ್ಕನ ಮಗ ಸಿಕ್ಕಿದ. ಅವನ ಕೈಕೆಳಗೆ ಆಗ ಮೂರು ತಂಡ. ತಲೆ ನರೆತಿತ್ತು. ಬಾವಿ ನೋಡಿದೆ, ಎಳೆದ ಗೆರೆಯ ಹಾಗೆ ನೆಟ್ಟಗಿತ್ತು. ಕೂತು ಮಾತಾಡುತ್ತಾ, ನಿನ್ನ ಮಾವ ಅವತ್ತು ಬೇಕೆಂದು ತಿರುಗಿಸಿದ್ದನೆ ಎಂದು ಕೇಳಿಬಿಟ್ಟೆ. ಅವನು ಬೀಡಿ ಆರಿಸಿ, ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ.

“ಆಗ ನಮ್ಗೆ ಯಾರ್ಗೂ ನೆಟ್ಟುಗ್ ತೋಡಕ್ಕೆ ಬತ್ತಿರ್ನಿಲ್ಲ ಸ್ವಾಮಿ,” ಎಂದ. “ಮಾವನ್ಗೂವೆ. ನಮ್ಮತ್ತೆ ಇರೋಗಂಟ ಇದ ಎಲ್ಲೂ ಅನ್ಬ್ಯಾಡಿ.”

ನಾನು ಎಲ್ಲಿಯೂ ಹೇಳಲಿಲ್ಲ. ಆ ಹೆಂಗಸು ಎಷ್ಟು ಕಾಲ ಇದ್ದಳೋ ವಿಚಾರಿಸಲಿಲ್ಲ. ಅಕ್ಕನ ಮಗನಾದರೂ ಮಾವನ ಮನಸ್ಸಿನೊಳಗೆ ಇಳಿದು ನೋಡಿದವನೇನಲ್ಲ. ಆದರೂ ಅವನ ಮಾತೇ ನಿಜವಿರಬೇಕು ಎಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ, ಬಾವಿ ತೋಡಲು ಬಾರದ ಒಬ್ಬರು, ತಮ್ಮವರಿಗೆ ಅದು ಬರುತ್ತದೆ ಎಂದು ಜನ ನಂಬಲಿ ಎಂದು ಕಳ್ಳನ ಹೆಸರು ಹೊತ್ತು ಹೋದರು. ಅದನ್ನು ಅವರ ತಲೆಯ ಮೇಲೆ ಹೊರಿಸಿ ಸಹಿ ಹಾಕಿದವನು ನಾನು. ಆಮೇಲೆ ಮೂವತ್ತು ವರ್ಷ ಸರ್ಕಾರದ ಕೆಲಸ ಮಾಡಿದೆ, ಒಳ್ಳೆಯ ಹೆಸರು ತೆಗೆದುಕೊಂಡೆ.

ಹಗ್ಗದ ವಿಷಯವನ್ನು ಇವತ್ತು ಮೊದಲ ಸಲ ಬರೆದಿದ್ದೇನೆ. ಅಮಲ್ದಾರರಿಲ್ಲ, ಪಟೇಲರಿಲ್ಲ, ಆ ವರದಿಯೂ ಎಲ್ಲಿಯೋ ಗೆದ್ದಲು ತಿಂದಿರುತ್ತದೆ. ಅದನ್ನು ತಿದ್ದಿಸಿಕೊಳ್ಳಬೇಕಾದವರು ಮೇಸ್ತ್ರಿ ಒಬ್ಬರೇ ಇದ್ದರು. ಅವರ ಹೆಸರನ್ನು ವರದಿಯಲ್ಲಿ ಬರೆದದ್ದು ನೆನಪಿದೆ, ಹೆಸರು ಏನೆಂದು ನೆನಪಿಲ್ಲ. ಮಧ್ಯಾಹ್ನವೆಲ್ಲ ಯೋಚಿಸಿದೆ... ಬರಲಿಲ್ಲ.

ಈಗ ಸಂಜೆ ಆರೂವರೆ. ನಲ್ಲಿ ಏಳಕ್ಕೆ ನಿಲ್ಲುತ್ತದೆ. ಬರೆಯುವುದನ್ನು ನಿಲ್ಲಿಸಿ, ಹಿತ್ತಲಿಗೆ ಹೋಗಿ, ಎರಡು ಕೊಳಗಕ್ಕೆ ನೀರು ಹಿಡಿದು ಮುಚ್ಚಳ ಹಾಕಿ ಬಂದೆ.